ಅರ್ಧಕ್ಕೆ ನಿಂತ ಸರದಿ

ಜನವರಿ 12, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಇದ್ದುದಕ್ಕೆ ಮನೆ ಬದಲಾಯಿಸಿದ ಗಡಿಬಿಡಿ ಒಂದು ಕಾರಣ, ನಿನ್ನ ಕಾಗದದ ಕೊನೆಯ ಸಾಲು ಇನ್ನೊಂದು. ಇಷ್ಟು ದಿನ ನನ್ನನ್ನು ಬೈದುಕೊಂಡಿರುತ್ತೀ. ಬೈದದ್ದೆಲ್ಲ ಬಂದು ತಲುಪಿದೆ ಎಂದು ತಿಳಿದು ಕ್ಷಮಿಸಿಬಿಡು. ನಿನ್ನ ಎಡಗಣ್ಣಿನ ಪೊರೆ ಬಲಿತಿದೆ ಎಂದು ಬರೆದಿದ್ದೆಯಲ್ಲ, ಅದಕ್ಕೇ ಈ ಸಲ ದಪ್ಪ ನಿಬ್ಬು ಹಿಡಿದು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ.

ಆಪರೇಷನ್ ದಿನ ಜೊತೆಗೆ ಯಾರಾದರೂ ಇರಬೇಕು ಎಂದು ಡಾಕ್ಟರು ಹೇಳಿದರೆಂದು ಬರೆದು, ಅದರ ಕೆಳಗೆ, "ಬಂದರೆ ಬಾ. ನೀನು ಯಾವಾಗಲೂ ತಡವಾಗಿ ಬರುವವಳು, ನನಗೂ ಅಭ್ಯಾಸವಾಗಿದೆ" ಎಂದು ನೀನು ಸೇರಿಸಿದ್ದೆ. ಅಮ್ಮ ಹೋಗಿ ಹತ್ತೊಂಬತ್ತು ವರ್ಷವಾಯಿತು. ಆ ದಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತೆಂದು ಆಗಲೇ ಹೇಳಿದ್ದೇನೆ. ಮತ್ತೆ ಹೇಳುವುದಿಲ್ಲ. ನೀನು ದಿನ ತಿಳಿಸು, ನಾನು ಬರುತ್ತೇನೆ.

ಇಲ್ಲಿಯ ಸಮಾಚಾರ ಕೇಳು. ಹೊಸ ಮನೆ ಎರಡನೇ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಅಡುಗೆಮನೆ, ಬೆಳಕು ಚೆನ್ನಾಗಿದೆ. ಆದರೆ ನಮ್ಮ ಸೇನಾಪತಿಗಳ ಮೇಜು ಮೇಲೆ ಬರಲಿಲ್ಲ! ಅದು ನಿನಗೆ ನೆನಪಿರಬೇಕು. ಎಂಟಡಿ ಉದ್ದ, ಐದಡಿ ಅಗಲ, ಮೇಲೆ ಹಸಿರು ಬಟ್ಟೆ, ಅದರ ಮೇಲೆ ನೀಲಿ ಕಾಗದದ ನದಿ. ಒಮ್ಮೆ ನೀನು ಬಂದವಳೇ ಅದರ ಮೇಲೆ ಚೀಲ ಇಟ್ಟಾಗ ಇವರು "ಅಯ್ಯೋ, ನದಿ ಮೇಲಿಟ್ರಲ್ಲಾ!" ಎಂದು ಓಡಿ ಬಂದಿದ್ದರು. ಇವರಿಗೆ ಸೇನಾಪತಿ ಎಂಬ ಹೆಸರಿಟ್ಟವಳು ನೀನೇ, ಅಂದೇ. ಹಗಲೆಲ್ಲ ಸಾರಿಗೆ ಕಚೇರಿಯಲ್ಲಿ ಕುಳಿತು ಬಸ್ಸುಗಳ ವೇಳಾಪಟ್ಟಿ ಬರೆಯುವುದು, ಮನೆಗೆ ಬಂದು ಎರಡು ಸಾವಿರ ವರ್ಷದ ಹಿಂದಿನ ಯುದ್ಧಗಳನ್ನು ಸೀಸದ ಬೊಂಬೆಗಳಲ್ಲಿ ಮತ್ತೆ ನಡೆಸುವುದು. ನಿವೃತ್ತಿಯಾದ ಮೇಲೆ ಹಗಲೂ ಯುದ್ಧಕ್ಕೇ ಹೋಯಿತು.

ಬಡಗಿ ಬಂದು ಮೆಟ್ಟಿಲಿನ ತಿರುವಿನಲ್ಲಿ ಟೇಪು ಹಿಡಿದು ನೋಡಿ, "ಕಾಲು ಬಿಚ್ಚಿದ್ರೂ ಹೋಗಲ್ಲಮ್ಮ, ಗೋಡೆ ಒಡೀಬೇಕಾಗತ್ತೆ" ಎಂದ. ಇವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ನನಗೆ ಹೊಟ್ಟೆ ತಣ್ಣಗಾಯಿತು. ಕೆಟ್ಟವಳು ಎನ್ನು ಬೇಕಾದರೆ. ಮದುವೆಯಾಗಿ ಮೂವತ್ತೊಂದು ವರ್ಷ, ಆ ಮೇಜಿನ ಮೇಲೆ ನಾವು ಒಂದು ಹೊತ್ತೂ ಊಟ ಮಾಡಿಲ್ಲ. ಅಲ್ಲಿ ಸದಾ ಯಾರೋ ಯಾರನ್ನೋ ಸುತ್ತುವರಿದಿರುತ್ತಿದ್ದರು, ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದೆವು.

ಈಗ ಉಳಿದಿರುವುದು ಅಡುಗೆಮನೆಯ ಮಡಚುವ ಮೇಜು. ಎರಡೂವರೆ ಅಡಿ ಉದ್ದ, ಎರಡಡಿ ಅಗಲ. ಹಳೆಯ ನಿಯಮಗಳು ಇಷ್ಟು ಚಿಕ್ಕ ಜಾಗಕ್ಕೆ ಒಗ್ಗುವುದಿಲ್ಲವಂತೆ, ಹೊಸದನ್ನು ಆರಿಸಬೇಕಂತೆ. ಜೊತೆಗೆ, ಇಷ್ಟು ವರ್ಷ ಎದುರಾಳಿಯಾಗಿದ್ದ ಔಷಧಿ ಅಂಗಡಿಯವರಿಗೆ ಮಂಡಿ ನೋವು, ಎರಡು ಮಹಡಿ ಹತ್ತಲಾರರು. ಒಂದು ವಾರ ಇವರು ಬೊಂಬೆಗಳ ಪೆಟ್ಟಿಗೆಗಳ ನಡುವೆ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದರು. ನೋಡಿ ನೋಡಿ, "ನಾನು ಆಡ್ತೀನಿ" ಎಂದೆ.

ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀನಾ? ಇದು ಹಲ್ಲು ಜೋಡಿಸಿದ ಹಾಗಲ್ಲ ಕಣೇ."

ಇಪ್ಪತ್ತಾರು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದೇನೆ. ಬಾಯಿಯ ಅಚ್ಚು ನೋಡಿದರೆ ಸಾಕು, ಆ ಮನುಷ್ಯ ಯಾವ ಕಡೆ ಅಗಿಯುತ್ತಾನೆ, ಯಾವ ಕಡೆ ನೋವು ಮುಚ್ಚಿಟ್ಟುಕೊಂಡಿದ್ದಾನೆ ಎಂದು ಹೇಳಬಲ್ಲೆ. ಇವರ ಕೈ ನಡುಗತೊಡಗಿದ ಮೇಲೆ ಅಷ್ಟೂ ಸೈನಿಕರಿಗೆ ಕಣ್ಣು ಬರೆದವಳೂ ನಾನೇ, ನನ್ನ ಕೆಲಸದ ಕುಂಚದಲ್ಲಿ. ಆ ಮಾತನ್ನು ನುಂಗಿಕೊಂಡು, ಇವರು ಆರಿಸಲೆಂದು ತೆಗೆದಿಟ್ಟಿದ್ದ ನಾಲ್ಕು ನಿಯಮ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಅಚ್ಚಿಗೆ ಸುರಿದ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ನಮಗೆ ಕೈ ಖಾಲಿ. ದಿನಕ್ಕೆ ಮೂರು ಸಲ, ಇಪ್ಪತ್ತು ಇಪ್ಪತ್ತು ನಿಮಿಷ, ಅಷ್ಟರಲ್ಲೇ ನಾಲ್ಕನ್ನೂ ಓದಿ ಮುಗಿಸಿದೆ.

ಮೊದಲನೆಯದು ತಲೆದಿಂಬಿನಷ್ಟು ದಪ್ಪ. ಬಾಣ ತಗಲಿದ ಕುದುರೆ ಎಷ್ಟು ದೂರ ಓಡುತ್ತದೆ ಎಂಬುದಕ್ಕೂ ಅದರಲ್ಲಿ ಒಂದು ಕೋಷ್ಟಕ. ನಮ್ಮ ಮೇಜಿನ ಮೇಲಾದರೆ ಆ ಕುದುರೆ ಒಲೆಯ ತನಕ ಹೋಗಬೇಕು. ಎರಡನೆಯದು ತೆಳು. ಇಬ್ಬರಿಗೂ ಹನ್ನೆರಡು ಹನ್ನೆರಡು ತುಕಡಿ, ಒಂದು ದಾಳ ಎಸೆದು ಎಷ್ಟು ಬಿತ್ತೋ ಅಷ್ಟು ತುಕಡಿ ನಡೆಸುವುದು. ಇವರ ಮನಸ್ಸು ಇದ್ದದ್ದು ಅದರ ಮೇಲೆ. ಮೂರನೆಯದರಲ್ಲಿ ಮೇಜಿಗೆ ಚೌಕ ಗೀಚಬೇಕು. "ಇದೇನು ಚದುರಂಗಾನಾ?" ಎಂದು ಮುಟ್ಟಲೂ ಇಲ್ಲ.

ನಾಲ್ಕನೆಯದನ್ನು ಓದುವಾಗ ಒಂದು ಸಾಲಿನ ಹತ್ತಿರ ನಿಂತೆ. ಈ ನಿಯಮದಲ್ಲಿ ಪ್ರತಿ ತುಕಡಿಯನ್ನು ನಡೆಸುವ ಮೊದಲೂ ಎರಡು ದಾಳ ಎಸೆಯಬೇಕು. ಬೇಕಾದಷ್ಟು ಬಿದ್ದರೆ ತುಕಡಿ ನಡೆಯುತ್ತದೆ, ಮುಂದಿನ ತುಕಡಿಗೆ ಹೋಗಬಹುದು. ಬೀಳದಿದ್ದರೆ ಸರದಿ ಅಲ್ಲಿಗೇ ಮುಗಿಯಿತು. ಇನ್ನು ಎಂಟು ತುಕಡಿ ಬಾಕಿ ಇರಲಿ, ಗೆಲುವು ಒಂದು ಅಂಗುಲ ದೂರದಲ್ಲಿರಲಿ, ದಾಳವನ್ನು ಎದುರಿನವರ ಕೈಗೆ ಕೊಡಬೇಕು. ಮೂರು ಸಲ ಓದಿದೆ. ಪ್ಲಾಸ್ಟರ್ ಗಟ್ಟಿಯಾದದ್ದೂ ತಿಳಿಯಲಿಲ್ಲ.

ಅಕ್ಕ, "ಈ ಸರದಿ ಮುಗಿಸಿ ಬರ್ತೀನಿ" ಎಂಬ ಮಾತನ್ನು ಈ ಮನುಷ್ಯನ ಬಾಯಿಂದ ಎಷ್ಟು ಸಾವಿರ ಸಲ ಕೇಳಿದ್ದೇನೋ. ನಲ್ಲಿ ಒಡೆದು ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಾಗ ಕೇಳಿದ್ದೇನೆ. ಜ್ವರದಲ್ಲಿ ಒಂದು ಲೋಟ ನೀರು ಕೇಳಿದಾಗ ಕೇಳಿದ್ದೇನೆ. ಇನ್ನೂ ಕೆಲವು ಸಲ ಕೇಳಿದ್ದೇನೆ, ಅದೆಲ್ಲ ಈಗ ಬೇಡ. ಆ ಸರದಿಯನ್ನು ಇವರ ಕೈಯಿಂದ ಕಿತ್ತುಕೊಳ್ಳುವ ನಿಯಮವೊಂದನ್ನು ಯಾರೋ ಪುಣ್ಯಾತ್ಮ ಅಚ್ಚು ಹಾಕಿಸಿದ್ದಾನೆ. ನಾನು ಸೇಡು ತೀರಿಸಿಕೊಳ್ಳಲು ಹೊರಟಿದ್ದೇನೆ, ನಗಬೇಡ.

"ಸರದಿ ಮಧ್ಯದಲ್ಲೇ ಕಿತ್ಕೊಳ್ಳೋದು ಅನ್ಯಾಯ ಕಣೇ" ಎಂದು ಇವರು ಮೂರು ದಿನ ವಾದಿಸಿದರು. "ಯುದ್ಧದಲ್ಲಿ ನ್ಯಾಯ ಎಲ್ಲಿಂದ ಬರ್ಬೇಕು, ನೀವೇ ಹೇಳ್ತಿದ್ರಲ್ಲ" ಎಂದೆ. ಚಿಕ್ಕ ಮೇಜಿಗೆ ಇದೇ ಸರಿ, ಒಂದೂವರೆ ಗಂಟೆಯಲ್ಲಿ ಆಟ ಮುಗಿಯುತ್ತದೆ, ಅಡುಗೆಗೆ ಮೇಜು ಬಿಡುವಾಗುತ್ತದೆ ಎಂದೆ. ಕೊನೆಗೆ, ಇಲ್ಲವಾದರೆ ನಾನು ಆಡುವುದೇ ಇಲ್ಲ ಎಂದೆ. ಬೇರೆ ಎದುರಾಳಿ ಎಲ್ಲಿಂದ ತರುತ್ತಾರೆ, ಒಪ್ಪಿಕೊಂಡರು. ಬರುವ ಭಾನುವಾರ ಮೊದಲ ಯುದ್ಧ.

ಒಬ್ಬಳೇ ಇದ್ದೀ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ನಿನ್ನ ಮುದಿ ಬೆಕ್ಕಿಗೆ ನನ್ನ ಆಶೀರ್ವಾದ. ನನಗೆ ನಿನ್ನ ಆಶೀರ್ವಾದ ಬೇಕು, ಗೆಲ್ಲಲಿಕ್ಕೆ.

ಇತಿ,
ನಿನ್ನ ತಂಗಿ


ಫೆಬ್ರವರಿ 23, ಭಾನುವಾರ

ಪ್ರೀತಿಯ ಅಕ್ಕ,

ಆಪರೇಷನ್ ಮಾರ್ಚ್ 17ರ ಸೋಮವಾರ ಬೆಳಿಗ್ಗೆ ಎಂದು ಬರೆದ ನಿನ್ನ ಕಾರ್ಡು ಬಂತು. ಕಾರ್ಡಿನಲ್ಲಿ ಅದೊಂದೇ ಸಾಲು, ಕೆಳಗೆ "ನೋಡೋಣ" ಎಂಬ ಒಂದು ಪದ. ನೋಡು ಬೇಕಾದರೆ. 15ನೇ ತಾರೀಕು ಶನಿವಾರ ಸಂಜೆ ನಾಲ್ಕು ಹತ್ತರ ಬಸ್ಸಿಗೆ ಹೊರಡುತ್ತೇನೆ, ಆರು ನಲವತ್ತಕ್ಕೆ ನಿನ್ನ ಊರಿನ ನಿಲ್ದಾಣದಲ್ಲಿರುತ್ತೇನೆ. ಕೆಲಸಕ್ಕೆ ರಜೆ ಬರೆದುಕೊಟ್ಟಾಯಿತು.

ಯುದ್ಧದ ಸುದ್ದಿ ಕೇಳು. ಏಳು ಆಟ, ಏಳನ್ನೂ ನಾನೇ ಗೆದ್ದೆ.

ಹೇಗೆ ಎಂದು ಹೇಳುತ್ತೇನೆ, ನೀನು ಯಾರಿಗೂ ಹೇಳಬೇಡ. ವೇಳಾಪಟ್ಟಿ ಬರೆದ ಕೈ ಅದು. ಯಾವ ಕೆಲಸವನ್ನೂ ಎಡದಿಂದ ಬಲಕ್ಕೆ, ಒಂದಾದ ಮೇಲೊಂದು, ಸಾಲು ತಪ್ಪದೆ ಮಾಡುತ್ತದೆ. ತಟ್ಟೆ ಒರೆಸುವುದೂ ಹಾಗೆಯೇ, ಅಂಗಿಗೆ ಗುಂಡಿ ಹಾಕುವುದೂ ಹಾಗೆಯೇ. ಸೈನ್ಯವನ್ನೂ ಎಡತುದಿಯ ತುಕಡಿಯಿಂದಲೇ ನಡೆಸುತ್ತಾರೆ. ಇವರ ಜೀವವೆಲ್ಲ ಇರುವುದು ಬಲತುದಿಯ ಕುದುರೆ ದಂಡಿನಲ್ಲಿ. ಹಳೆಯ ನಿಯಮದಲ್ಲಿ ಸರದಿ ಪೂರ್ತಿ ಇವರದೇ ಆಗಿರುತ್ತಿದ್ದರಿಂದ ಯಾವುದನ್ನು ಮೊದಲು ನಡೆಸಿದರೂ ನಡೆಯುತ್ತಿತ್ತು. ಹೊಸ ನಿಯಮದಲ್ಲಿ ದಾಳ ಕೈಕೊಡುವ ಮೊದಲು ಬಲಗಡೆ ತಲುಪಬೇಕಲ್ಲ!

ನಾನು ಇವರ ಎಡಗಡೆಗೆ ಬೇಕೆಂದೇ ನನ್ನ ಬಡಪಾಯಿ ಬಿಲ್ಲುಗಾರರನ್ನು ಕಣ್ಣಿಗೆ ಕುಕ್ಕುವ ಹಾಗೆ ನಿಲ್ಲಿಸಿದೆ. ಇವರು ಅಲ್ಲಿಂದ ಶುರು ಮಾಡಿದರು. ಒಂದು ತುಕಡಿ ನಡೆಯಿತು, ಎರಡು ನಡೆಯಿತು, ಮೂರನೆಯದಕ್ಕೆ ದಾಳ ಬೀಳಲಿಲ್ಲ.

"ಸರದಿ ಮುಗೀತು. ದಾಳ ಕೊಡಿ" ಎಂದೆ.

"ಇರೇ, ಕುದುರೇನ ಇದೊಂದ್ಸಲ..."

"ಪುಸ್ತಕ ನೋಡಿ."

ಆ ಮುಖ ನೀನು ನೋಡಬೇಕಿತ್ತು ಅಕ್ಕ. ಇವರ ಕುದುರೆಗಳು ಮೊದಲ ಆಟದಲ್ಲಿ ಒಂದು ಹೆಜ್ಜೆಯೂ ಇಡಲಿಲ್ಲ. ನಿಂತಲ್ಲೇ ನಿಂತಿದ್ದವು, ನನ್ನ ಈಟಿಗಾರರು ಹೋಗಿ ಮುಗಿಸಿ ಬಂದರು. ಪ್ರತಿ ಸಲ "ದಾಳ ಕೊಡಿ" ಎಂದು ಅಂಗೈ ಚಾಚುವಾಗಲೂ ಒಳಗೊಳಗೇ ಒಂದೊಂದು ಹೆಸರು ಹೇಳಿಕೊಂಡೆ. ಇದು ನಲ್ಲಿಯ ನೀರಿಗೆ. ಇದು ಜ್ವರಕ್ಕೆ.

ಆದರೆ ಎರಡನೇ ವಾರದಿಂದ ಎಲ್ಲ ಹಾಳಾಯಿತು. ಮನುಷ್ಯನಿಗೆ ಖುಷಿ! ಸೋತು ಸುಣ್ಣವಾದವರು ಎದ್ದು ಹೋಗಿ ಔಷಧಿ ಅಂಗಡಿಯವರಿಗೆ ಫೋನು ಮಾಡಿ, "ಮತ್ತೆ ಸೋತೆ ಮಾರಾಯಾ! ನನ್ನ ಹೆಂಡ್ತಿ ನಂಗೆ ಮಣ್ಣು ಮುಕ್ಕಿಸಿದ್ಲು!" ಎಂದು ಕುಣಿದಾಡುತ್ತಾರೆ. ನನಗೆ ಚಹಾ ಮಾಡಿಕೊಡುತ್ತಾರೆ. "ಇಷ್ಟು ವರ್ಷ ಎಲ್ಲಿದ್ದೆ ನೀನು?" ಎಂದು ಕೇಳಿದರು ಒಂದು ದಿನ. ಎಲ್ಲಿದ್ದೆ? ಬಾಗಿಲ ಹತ್ತಿರ ನಿಂತಿದ್ದೆ, ಇವರ ಸರದಿ ಮುಗಿಯಲೆಂದು ಕಾಯುತ್ತ. ಹಾಗೆಂದು ಹೇಳಲಿಲ್ಲ. ಚಹಾ ಕುಡಿದೆ. ಸೇಡು ಎಂದು ನಾನು ಕಹಿ ಬಡಿಸಿದರೆ ಇವರು ಇನ್ನೊಂದು ಸ್ವಲ್ಪ ಹಾಕು ಎನ್ನುತ್ತಿದ್ದಾರೆ.

ನಿನ್ನೆಯ ಮಾತು ಕೇಳು. ಏಳನೆಯದನ್ನು ಸೋತು ತುಕಡಿಗಳನ್ನೆಲ್ಲ ಮತ್ತೆ ಮೊದಲಿದ್ದ ಜಾಗಕ್ಕೆ ಇಟ್ಟು ನೋಡಿದರು. ಆಮೇಲೆ ಮುಖ ಅರಳಿತು. "ಗೊತ್ತಾಯ್ತು ಕಣೇ ಗುಟ್ಟು! ಮುಖ್ಯವಾದದ್ದನ್ನ ಮೊದ್ಲು ನಡೆಸ್ಬೇಕು. ಕೊನೇಗೆ ಇಟ್ಕೊಂಡ್ರೆ ಅದರ ಸರದಿ ಬರೋದೇ ಇಲ್ಲ. ಅಲ್ವಾ? ನೀನೇ ಕಲಿಸಿದ್ದು ನೋಡು" ಎಂದರು.

ಮೂವತ್ತೊಂದು ವರ್ಷ ಅಕ್ಕ! ಬೆರಳುದ್ದದ ಸೀಸದ ಕುದುರೆಗೋಸ್ಕರ ಇವರು ಅದನ್ನು ಐದು ವಾರದಲ್ಲಿ ಕಲಿತರು. ನಾನು ಎದ್ದು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಳಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತಿದ್ದೆ, ಸಂಜೆಯೆಲ್ಲ ದವಡೆ ನೋವು.

15ನೇ ತಾರೀಕು ಮಧ್ಯಾಹ್ನ ದೊಡ್ಡ ಆಟ ಇಟ್ಟಿದ್ದಾರೆ. ನದಿ ದಡದ ಒಂದು ಕಾಳಗವಂತೆ, ಎಂಟು ಆನೆಗಳಿವೆಯಂತೆ. ಔಷಧಿ ಅಂಗಡಿಯವರು ಹೇಗಾದರೂ ಮಾಡಿ ಮೆಟ್ಟಿಲು ಹತ್ತಿ ಬಂದು ನೋಡುತ್ತಾರಂತೆ. ನಾಲ್ಕು ಹತ್ತಕ್ಕೆ ನನ್ನ ಬಸ್ಸಿದೆ ಎಂದು ಎರಡು ಸಲ ಹೇಳಿದ್ದೇನೆ. "ಅಷ್ಟೊತ್ತಿಗೆ ಮುಗಿಯತ್ತೆ ಬಿಡು" ಎಂದಿದ್ದಾರೆ. ಒಂದು ಗಂಟೆಗೆ ಶುರು.

ನೀನು ಏನೂ ತಯಾರಿ ಮಾಡಬೇಡ. ಚಾಪೆ ಸಾಕು ನನಗೆ. ನಿನ್ನ ಕಣ್ಣಿಗೆ ಸುಖವಾಗಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.

ಇತಿ,
ನಿನ್ನ ತಂಗಿ


ಮಾರ್ಚ್ 15, ಶನಿವಾರ, ಬಸ್ಸಿನಲ್ಲಿ

ಪ್ರೀತಿಯ ಅಕ್ಕ,

ಇದನ್ನು ಅಂಚೆಗೆ ಹಾಕುವುದಿಲ್ಲ. ಆಪರೇಷನ್ ಆದ ಮೇಲೆ, ಕಣ್ಣಿನ ಪಟ್ಟಿ ಬಿಚ್ಚಿ, ಓದಬಹುದು ಎಂದು ಡಾಕ್ಟರು ಹೇಳಿದ ದಿನ ನಿನ್ನ ಕೈಗೆ ಕೊಡುತ್ತೇನೆ. ಎದುರು ಕುಳಿತು ಬಾಯಲ್ಲಿ ಹೇಳುವ ಧೈರ್ಯವಿಲ್ಲ. ಅಕ್ಷರ ಕುಣಿಯುತ್ತಿದ್ದರೆ ರಸ್ತೆಯನ್ನು ಬೈ, ನನ್ನನ್ನಲ್ಲ.

ಆಟ ಒಂದು ಗಂಟೆಗೆ ಶುರುವಾಗಬೇಕಿತ್ತು. ಔಷಧಿ ಅಂಗಡಿಯವರು ಒಂದೊಂದೇ ಮೆಟ್ಟಿಲು ಹತ್ತಿ, ಮಧ್ಯೆ ಎರಡು ಸಲ ಕುಳಿತು, ಮೇಲೆ ಬರುವಷ್ಟರಲ್ಲಿ ಎರಡಾಯಿತು. ಅವರಿಗೆ ಕುರ್ಚಿ, ನೀರು, ಆಮೇಲೆ ಯುದ್ಧ. ಇವರು ಈ ಸಲ ನಿಜವಾಗಿಯೂ ಚೆನ್ನಾಗಿ ಆಡಿದರು. ಎಲ್ಲಕ್ಕಿಂತ ಮೊದಲು ಕುದುರೆ, ಆಮೇಲೆ ಆನೆ, ಆಮೇಲೆ ಉಳಿದವರು. ಮೂರೂ ಇಪ್ಪತ್ತರ ಹೊತ್ತಿಗೆ ನನ್ನ ಎಡಗಡೆ ಪೂರ್ತಿ ಮುರಿದಿತ್ತು. ಇನ್ನೊಂದು ತುಕಡಿ ಬಿದ್ದರೆ ನಾನು ಸೋತೆ. ಇವರ ಸರದಿ. ದಾಳ ಬೀಳುತ್ತಲೇ ಇತ್ತು. ಕುದುರೆ ನಡೆಯಿತು, ಆನೆಗಳು ನಡೆದವು. ಇವರ ಕಿವಿ ಕೆಂಪಾಗಿತ್ತು, ಖುಷಿಯಾದಾಗ ಹಾಗಾಗುತ್ತದೆ. ಮೂರೂವರೆ ಆಯಿತು.

ನಾನು ಎದ್ದು ಬಾಗಿಲ ಹಿಂದೆ ಇಟ್ಟಿದ್ದ ಚೀಲ ತೆಗೆದುಕೊಂಡೆ.

"ಎಲ್ಲಿಗೆ?" ಎಂದರು, ಮೇಜಿನಿಂದ ಕಣ್ಣು ತೆಗೆಯದೆ.

"ಅಕ್ಕನ ಮನೆಗೆ. ಹೇಳಿದ್ನಲ್ಲ."

"ಈ ಸರದಿ ಮುಗಿಸ್ತೀನಿ ತಡಿ. ಸ್ಕೂಟರ್‌ನಲ್ಲಿ ನಾನೇ ಬಿಡ್ತೀನಿ. ಐದೇ ನಿಮಿಷ."

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ, ಅವೇ ಮಾತು. ನಾನು ಮೇಜಿನ ಹತ್ತಿರ ಹೋಗಿ, ಇವರು ಎಸೆಯಲು ಎತ್ತಿಕೊಂಡಿದ್ದ ಎರಡು ದಾಳಗಳನ್ನು ಬೆರಳು ಬಿಡಿಸಿ ತೆಗೆದುಕೊಂಡೆ. ನನ್ನ ಪರ್ಸಿಗೆ ಹಾಕಿ ಜಿಪ್ ಎಳೆದೆ.

"ಸರದಿ ಮುಗೀತು" ಎಂದೆ.

ಔಷಧಿ ಅಂಗಡಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೆಳಗಿನ ಸೆಟ್ಟು ಸಡಿಲವಾಗಿದೆ ಅವರದು, ಸರಿ ಮಾಡಿಕೊಡಬೇಕು. ನಾನು ಮೆಟ್ಟಿಲು ಇಳಿಯತೊಡಗಿದೆ. ಇವರು ಹಿಂದೆಯೇ ಓಡಿ ಬಂದರು. "ಎಂಥದೇ ಇದು! ದಾಳ ಕೊಟ್ಟು ಹೋಗೇ!"

ಹೋಗಬೇಡ ಎನ್ನಲಿಲ್ಲ, ಯಾಕೆ ಎನ್ನಲಿಲ್ಲ. ದಾಳ ಕೊಟ್ಟು ಹೋಗು!

ಮೇಜು ಸಿಕ್ಕಿಕೊಂಡಿದ್ದ ಆ ತಿರುವಿನಲ್ಲಿ ನಿಂತು ಮೇಲೆ ನೋಡಿದೆ. "ನಾಲ್ಕು ಹತ್ತರ ಬಸ್ಸಿದೆ ನಂಗೆ. ಅದು ತಪ್ಪಿದ್ರೆ ಮುಂದಿನದು ಆರಕ್ಕೆ. ನೀವೇ ಬರೆದದ್ದಲ್ವಾ ವೇಳಾಪಟ್ಟಿ?" ಎಂದೆ.

ಕಂಬಿ ಹಿಡಿದ ಕೈ ಅಲ್ಲೇ ನಿಂತಿತು. "ನಾಲ್ಕು ಹತ್ತು" ಎಂದರು ಮೆಲ್ಲಗೆ, ಆಮೇಲೆ ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲಿಲ್ಲ. ಅದು ಅವರ ಸರದಿಯಾಗಿರಲಿಲ್ಲ.

ದಾಳಗಳು ನನ್ನ ಹತ್ತಿರವೇ ಇವೆ. ಹೊಸದು ಕೊಳ್ಳಬಹುದು, ಯಾವ ಅಂಗಡಿಯಲ್ಲೂ ಸಿಗುತ್ತವೆ. ಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ನಾನು ಹಿಂತಿರುಗುವವರೆಗೆ ಆ ಮೇಜನ್ನು ಮುಟ್ಟುವುದೂ ಇಲ್ಲ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಾರೆ. ಮಾಡಲಿ. ಎಂದು ಹಿಂತಿರುಗುತ್ತೇನೆ ಎಂದು ನಾನೂ ಹೇಳಿ ಬಂದಿಲ್ಲ.

ನಿನ್ನ ಎರಡೂ ಕಣ್ಣು ನೂರು ಕಾಲ ಬೆಳಗಲಿ. ಬೆಕ್ಕಿಗೆ ಒಂದು ಮುತ್ತು.

ಇತಿ,
ನಿನ್ನ ತಂಗಿ

ತಾಜಾಕಲಂ: ಅಮ್ಮ ಹೋದ ದಿನ ಬಸ್ಸು ಕೆಟ್ಟಿರಲಿಲ್ಲ ಅಕ್ಕ. ನಿನ್ನ ಫೋನು ಬಂದಾಗ ಮೂರು ಗಂಟೆ. ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆ, ಕೂಡಲೇ ಹೊರಡು ಎಂದೆ ನೀನು. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತೆ. ಇವರು "ಈ ಸರದಿ ಮುಗಿಸ್ತೀನಿ ತಡಿ. ಸ್ಕೂಟರ್‌ನಲ್ಲಿ ನಾನೇ ಬಿಡ್ತೀನಿ. ಐದೇ ನಿಮಿಷ" ಎಂದರು. ಸರದಿ ಮುಗಿಯುವಾಗ ನಾಲ್ಕೂ ಇಪ್ಪತ್ತು. ಆರರ ಬಸ್ಸಿಗೆ ಬಂದೆ. ಅಮ್ಮ ಏಳೂವರೆಗೆ ಹೋಗಿಬಿಟ್ಟಿದ್ದಳು. ನಾಲ್ಕು ಹತ್ತಕ್ಕೆ ಹೊರಟಿದ್ದರೆ ಐವತ್ತು ನಿಮಿಷ ಅವಳ ಕೈ ಹಿಡಿದು ಕೂರುತ್ತಿದ್ದೆ. ನೀನು ಇವರನ್ನು ದ್ವೇಷಿಸಬಾರದೆಂದು ಬಸ್ಸು ಕೆಟ್ಟಿತೆಂದೆ. ನೀನು ನನ್ನನ್ನು ದ್ವೇಷಿಸಿದೆ, ಅದು ಸರಿಯೇ ಇತ್ತು. ಇವತ್ತು ಸ್ಕೂಟರಿಗೆ ಕಾಯದೆ ನಿಲ್ದಾಣಕ್ಕೆ ನಡೆದೇ ಬಂದೆ. ಗಡಿಯಾರ ನೋಡಿಕೊಂಡೆ, ಇಪ್ಪತ್ತೆರಡು ನಿಮಿಷ. ಹಳೆಯ ಮನೆಯಿಂದ ಇನ್ನೂ ಹತ್ತಿರವಿತ್ತು.